ಹಿತ್ತಿಲ ಪಿಜ್ಜಾ ಒಲೆ: ಕಟ್ಟುವವರಿಗೆ ಎಂಟು ಪಾಠಗಳು

ಇಟ್ಟಿಗೆಯ ಗುಮ್ಮಟ ಕಟ್ಟಿ, ಒಳಗೆ ಸೌದೆ ಉರಿಸಿ, ಅದೇ ನೆಲದ ಮೇಲೆ ರೊಟ್ಟಿ ಬೇಯಿಸುವ ಪದ್ಧತಿ ಬಹಳ ಹಳೆಯದು. ಕ್ರಿ.ಶ. 79ರಲ್ಲಿ ವೆಸೂವಿಯಸ್ ಜ್ವಾಲಾಮುಖಿಯ ಬೂದಿಯಡಿ ಹೂತುಹೋದ ಪಾಂಪೇ ನಗರದ ಬೇಕರಿಗಳಲ್ಲಿ ಇಂಥ ಒಲೆಗಳು ಇಂದಿಗೂ ನಿಂತಿವೆ. ಅಲ್ಲಿಗೆ ಹತ್ತಿರದ ನೇಪಲ್ಸ್‌ನ ಪಿಜ್ಜಾ ಕಲೆ 2017ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿತು. ಸಾಗರದ ಕಡೆಯ ನಮ್ಮ ಹಿತ್ತಿಲಲ್ಲಿ, ಆಮೇಲೆ ನೆಂಟರಿಷ್ಟರ ಮನೆಗಳಲ್ಲಿ ಇಂಥ ಒಲೆ ಕಟ್ಟುತ್ತ, ಉರಿಸುತ್ತ ನನಗೆ ಖಚಿತವಾದದ್ದು ಇಷ್ಟು: ಒಲೆಯ ಗುಣವೆಲ್ಲ ಇಟ್ಟಿಗೆ ಕುಡಿದ ಕಾವಿನಲ್ಲಿದೆ. ಆ ಕಾವನ್ನು ತುಂಬಿಸುವುದು, ಹಿಡಿದಿಡುವುದು, ಹದವರಿತು ಬಳಸುವುದು ಗೊತ್ತಾದರೆ ಉಳಿದದ್ದು ಕೈಗೆ ತಾನಾಗಿ ಹತ್ತುತ್ತದೆ.

1. ಬಾಗಿಲಿನ ಎತ್ತರವನ್ನು ಮೊದಲೇ ಲೆಕ್ಕ ಹಾಕಿ. ಈ ಒಲೆಯಲ್ಲಿ ತಣ್ಣನೆ ಗಾಳಿ ಒಳಬರುವುದೂ ಬಾಗಿಲಿನಿಂದ, ಹೊಗೆ ಹೊರಹೋಗುವುದೂ ಬಾಗಿಲಿನಿಂದ. ಗಾಳಿ ಕೆಳಗೆ ನುಗ್ಗುತ್ತದೆ, ಹೊಗೆ ಮೇಲಂಚಿನಲ್ಲಿ ಹೊರಟು ಮುಂದಿನ ಚಿಮಣಿ ಸೇರುತ್ತದೆ. ಬಾಗಿಲು ಎತ್ತರವಾದರೆ ಕಾವು ಸೋರುತ್ತದೆ, ಗಿಡ್ಡವಾದರೆ ಬೆಂಕಿಗೆ ಉಸಿರು ಕಟ್ಟುತ್ತದೆ. ಗುಮ್ಮಟದ ಒಳ ಎತ್ತರದ ಶೇ. 63ರಷ್ಟು ಬಾಗಿಲು ಇರಬೇಕೆಂಬುದು ಒಲೆ ಕಟ್ಟುವವರ ನಂಬಿಕಸ್ಥ ಲೆಕ್ಕ. ಒಳಗೆ 90 ಸೆಂ.ಮೀ. ಅಗಲ, 45 ಸೆಂ.ಮೀ. ಎತ್ತರದ ಗುಮ್ಮಟಕ್ಕೆ 28 ಸೆಂ.ಮೀ. ಬಾಗಿಲು. ಮನೆಮಂದಿಗೆ ಇಷ್ಟು ದೊಡ್ಡದು ಧಾರಾಳವಾಗಿ ಸಾಕು.

2. ಉರಿ ತಾಗುವಲ್ಲಿ ಸಿಮೆಂಟ್ ಗಾರೆ ಬೇಡ. "ಸ್ವಲ್ಪ ಸಿಮೆಂಟ್ ಜಾಸ್ತಿ ಹಾಕಿದ್ರೆ ಗಟ್ಟಿ ನಿಲ್ಲುತ್ತೆ ಸಾರ್" ಎಂದು ಮೇಸ್ತ್ರಿ ಹೇಳಿಯೇ ಹೇಳುತ್ತಾರೆ. ಮನೆಯ ಗೋಡೆಗೆ ಆ ಮಾತು ಸರಿ. ಆದರೆ 400 ಡಿಗ್ರಿ ಸೆಲ್ಸಿಯಸ್ ದಾಟಿದ ಮೇಲೆ ಬರೀ ಸಿಮೆಂಟಿನ ಗಾರೆ ಹಿಡಿತ ಕಳೆದುಕೊಂಡು ಉದುರತೊಡಗುತ್ತದೆ. ಮೂರು ಪಾಲು ಮರಳಿಗೆ ಸಿಮೆಂಟ್, ಸುಣ್ಣ, ಫೈರ್ ಕ್ಲೇ ಒಂದೊಂದು ಪಾಲು ಕಲಸಿ. ಸಿಮೆಂಟ್ ಸೋತರೂ ಸುಣ್ಣ, ಜೇಡಿ ಹಿಡಿದುಕೊಳ್ಳುತ್ತವೆ. ಒಳಮೈಗೆ ಫೈರ್ ಬ್ರಿಕ್ಕನ್ನೇ ಬಳಸಿ. ನೆಲದ ಇಟ್ಟಿಗೆಗಳನ್ನು ಗಾರೆಯಿಲ್ಲದೆ, ಸಣ್ಣ ಮರಳಿನ ಹಾಸಿನ ಮೇಲೆ ಒತ್ತೊತ್ತಾಗಿ ಜೋಡಿಸಿ. ಬಿಸಿಗೆ ಅವು ಹಿಗ್ಗಲು ಜಾಗ ಬೇಕು, ಮುಂದೆ ಒಂದು ಬಿರಿದರೆ ಅದೊಂದನ್ನೇ ಎತ್ತಿ ಬದಲಿಸಲೂ ಬರಬೇಕು.

3. ಖರ್ಚು ಉಳಿಸಲು ಹೊದಿಕೆಗೆ ಕೈಹಾಕಬೇಡಿ. ಗುಮ್ಮಟದ ಮೇಲೆ 7–8 ಸೆಂ.ಮೀ. ಸೆರಾಮಿಕ್ ಫೈಬರ್ ಕಂಬಳಿ ಬೇಕು. ಅದನ್ನು ಕತ್ತರಿಸುವಾಗ ಮಾಸ್ಕ್, ಕೈಗವಸು ಕಡ್ಡಾಯ, ಅದರ ಎಳೆ ಶ್ವಾಸಕೋಶಕ್ಕೆ ಕೆಟ್ಟದ್ದು. ನೆಲದಡಿಗೆ ಐದು ಪಾಲು ವರ್ಮಿಕ್ಯುಲೈಟಿಗೆ ಒಂದು ಪಾಲು ಸಿಮೆಂಟ್ ಕಲಸಿ 10 ಸೆಂ.ಮೀ. ದಪ್ಪ ಹಾಸಿ. ಇದನ್ನು ಬಿಟ್ಟರೆ ಕೆಳಗಿನ ಕಾಂಕ್ರೀಟು ನೆಲದ ಬಿಸಿಯನ್ನೆಲ್ಲ ಹೀರುತ್ತದೆ. ಆಗ ಪಿಜ್ಜಾದ ಮೇಲ್ಭಾಗ ಕರಿದು ತಳ ಹಸಿಯಾಗಿ ಉಳಿಯುತ್ತದೆ. ಹಣ ಸಾಲದಿದ್ದರೆ ಒಲೆಯನ್ನೇ ಚಿಕ್ಕದಾಗಿ ಕಟ್ಟಿ.

4. ಒಣಗಿಸಲು ಅವಸರ ಸಲ್ಲದು. ಕಟ್ಟಿದ ಒಲೆಯೊಳಗೆ ಕೊಡಗಟ್ಟಲೆ ನೀರಿರುತ್ತದೆ. ನೀರು ಆವಿಯಾದರೆ ಸುಮಾರು 1,600 ಪಟ್ಟು ಹಿಗ್ಗುತ್ತದೆ. ದಾರಿ ಸಿಗದ ಆವಿ ಗಾರೆಯನ್ನೂ ಇಟ್ಟಿಗೆಯನ್ನೂ ಸೀಳಿಬಿಡುತ್ತದೆ. ಕಡಿಮೆಯೆಂದರೂ ಒಂದು ವಾರ ನೆರಳಲ್ಲಿ ಬಿಡಿ. ಆಮೇಲೆ ಮೊದಲ ದಿನ 150 ಡಿಗ್ರಿ ಮೀರದ ಸಣ್ಣ ಬೆಂಕಿಯನ್ನು ಕೆಲವು ಗಂಟೆ ಇಡಿ. ದಿನಕ್ಕೆ 25–30 ಡಿಗ್ರಿಯಂತೆ ಏರಿಸುತ್ತ 300ಕ್ಕೆ ತನ್ನಿ. ಗಿಲಾವಿಗೆ ಮುಂಚೆ, ಕಂಬಳಿಯ ಮೇಲೆ ಒಂದು ಪ್ಲಾಸ್ಟಿಕ್ ಹಾಳೆ ಹೊದಿಸಿ ನೋಡಿ. ಹಾಳೆಯ ಒಳಮೈಯಲ್ಲಿ ಹನಿ ಕಟ್ಟಿದರೆ ಇನ್ನೂ ನೀರಿದೆ. ಅಲ್ಲಲ್ಲಿ ಕೂದಲೆಳೆ ಬಿರುಕು ಕಂಡರೆ ಗಾಬರಿ ಬೇಡ.

5. ಮಲೆನಾಡಿನಲ್ಲಾದರೆ ಸೂರು ಮೊದಲು, ಒಲೆ ಆಮೇಲೆ. ನೆನೆದ ಕಂಬಳಿ ಕಾವು ಹಿಡಿಯುವುದಿಲ್ಲ. ಹೆಂಚಿನದೋ ಶೀಟಿನದೋ ಮಾಡು ಇರಲಿ, ಚಿಮಣಿಯ ಹತ್ತಿರ ಮರದ ರೀಪು ಇರದಿರಲಿ. ಮಳೆಗಾಲ ಮುಗಿದ ಮೇಲೆ ಮೊದಲ ಬಾರಿಗೆ ಮತ್ತೆ ಸಣ್ಣ ಬೆಂಕಿಯಿಂದಲೇ ಶುರುಮಾಡಿ.

6. ಸೌದೆ ಒಣಗಿರಲಿ, ಗುರುತು ಗೊತ್ತಿರಲಿ. ಹೊತ್ತಿಸಲು ಅಡಿಕೆ ಸಿಪ್ಪೆ, ಕಾವಿಗೆ ಮಣಿಕಟ್ಟಿನ ಗಾತ್ರಕ್ಕೆ ಸೀಳಿದ ಅಕೇಶಿಯಾ ಅಥವಾ ಕಾಫಿ ಸೌದೆ. ಬಣ್ಣ ಬಳಿದ ಮರ, ಪ್ಲೈವುಡ್ ಒಲೆಯ ಹತ್ತಿರವೂ ಬರಬಾರದು. ಕಣಗಿಲೆ ಕೊಂಬೆಯಂತೂ ಬೇಡವೇ ಬೇಡ, ಅದರ ಹೊಗೆಯೂ ವಿಷ.

7. ಗುಮ್ಮಟದ ಬಣ್ಣ ನೋಡಿ ಹದ ತಿಳಿಯಿರಿ. ಬೆಂಕಿ ಹೊತ್ತಿದ ಹೊಸತರಲ್ಲಿ ಒಳಗೆಲ್ಲ ಮಸಿ ಹಿಡಿದು ಕಪ್ಪಾಗುತ್ತದೆ. ಗಂಟೆ ಹೊತ್ತಿಗೆ ನೆತ್ತಿಯಲ್ಲಿ ಒಂದು ಬಿಳಿ ಚುಕ್ಕೆ ಮೂಡುತ್ತದೆ. ಮಸಿ ಸುಟ್ಟುಹೋಗುತ್ತ ಆ ಬಿಳುಪು ಬುಡದ ಕಡೆಗೆ ಇಳಿಯುತ್ತದೆ, ಕೊನೆಗೆ ಇಟ್ಟಿಗೆಯ ಸಂದುಗಳು ಮತ್ತೆ ಎಣಿಸುವ ಹಾಗೆ ಕಾಣುತ್ತವೆ. ಆಗ ಕೆಂಡವನ್ನು ಒಂದು ಪಕ್ಕಕ್ಕೆ ಸರಿಸಿ, ನೆಲ ಗುಡಿಸಿ, ಒಂದೆರಡು ಸೀಳು ಸೌದೆ ಹಾಕಿ. ಜ್ವಾಲೆ ಗುಮ್ಮಟವನ್ನು ನೆಕ್ಕುತ್ತಿದ್ದರೆ ಮಾತ್ರ ಪಿಜ್ಜಾದ ಮೇಲ್ಭಾಗ ಬೇಯುತ್ತದೆ. ನೆಲಕ್ಕೆ ಚಿಟಿಕೆ ಮೈದಾ ಎಸೆಯಿರಿ. ತಕ್ಷಣ ಕರಿದರೆ ಕಾವು ಇಳಿಯುವ ತನಕ ಕಾಯಬೇಕು, ನಿಧಾನಕ್ಕೆ ಕಂದಿದರೆ ಹದ ಬಂದಿದೆ. ನೇಪಲ್ಸ್‌ನವರು 400 ಡಿಗ್ರಿಗೂ ಮೀರಿದ ಕಾವಿನಲ್ಲಿ 60–90 ಸೆಕೆಂಡಿನಲ್ಲಿ ಬೇಯಿಸುತ್ತಾರೆ. ಮನೆಯಲ್ಲಿ 350 ಡಿಗ್ರಿಗೆ ಎರಡು ಮೂರು ನಿಮಿಷ ತಗುಲಿದರೂ ರುಚಿಗೆ ಕುಂದಿಲ್ಲ. ಬೆಂಕಿಯ ಕಡೆಯ ಅಂಚು ಬೇಗ ಕೆಂಪಾಗುವುದರಿಂದ ಸಲಿಕೆಯಿಂದ ತಿರುಗಿಸುತ್ತಿರಿ.

8. ಪಿಜ್ಜಾ ಮುಗಿದ ಮೇಲೂ ಒಲೆಗೆ ಕೆಲಸ ಕೊಡಿ. ನಮ್ಮ ಹಳೆಯ ಬೇಕರಿಗಳ ಸೌದೆ ಭಟ್ಟಿಯಲ್ಲಿ ಕೆಂಡ ಹೊರಗೆಳೆದು, ಉಳಿದ ಕಾವಿನಲ್ಲೇ ಬ್ರೆಡ್ಡು ಬನ್ನು ಬೇಯಿಸುತ್ತಿದ್ದರು. ನೀವೂ ಕೆಂಡವನ್ನು ಮುಚ್ಚಳವಿರುವ ತಗಡಿನ ಡಬ್ಬಿಗೆ ತುಂಬಿ, 240 ಡಿಗ್ರಿಗೆ ಇಳಿದಾಗ ಬ್ರೆಡ್ ಇಡಿ. ಅದಾದ ಮೇಲೆ ಕುಂಬಳಕಾಯಿ ಹೋಳು, ಕೊನೆಗೆ ಶೇಂಗಾ. ರಾತ್ರಿ ಬಾಗಿಲು ಭದ್ರವಾಗಿ ಮುಚ್ಚಿ, ಬೆಳಗ್ಗೆ ಥರ್ಮಾಮೀಟರ್ ಹಿಡಿದು ನೋಡಿ. ಇನ್ನೂ 150 ಡಿಗ್ರಿಗಿಂತ ಮೇಲಿದ್ದರೆ ನಿಮ್ಮ ಇಟ್ಟಿಗೆ, ಗಾರೆ, ಹೊದಿಕೆ ಎಲ್ಲವೂ ಸರಿಯಾಗಿ ಕೂತಿವೆ ಎಂದು ನಂಬಬಹುದು. ಅಂಥ ಒಲೆ ಮನೆಯ ಮಕ್ಕಳ ಕಾಲಕ್ಕೂ ಬರುತ್ತದೆ.