ಗೇರು ಹಾಕಿದರೆ ಕೆಲಸ ಕಡಿಮೆಯಾಗುತ್ತದೆಯೇ? 9ನೆಯ ತರಗತಿಯ ಒಂದು ಅಭ್ಯಾಸ ಪಾಠ

ಶಾಲಾ ಇಂಟರ್ನ್‌ಶಿಪ್ಪಿಗೆಂದು ನನಗೆ ದೊರೆತದ್ದು ಧಾರವಾಡದ ಪಶ್ಚಿಮಕ್ಕೆ, ಹಳಿಯಾಳ ರಸ್ತೆಯ ಕಡೆಗಿರುವ ಒಂದು ಪ್ರೌಢಶಾಲೆ. 9ನೆಯ ತರಗತಿಯ ವಿಜ್ಞಾನದಲ್ಲಿ ‘ಕೆಲಸ ಮತ್ತು ಶಕ್ತಿ’ ಘಟಕವನ್ನು ಬೋಧಿಸಬೇಕಿತ್ತು. ಘಟಕದ ಎರಡನೆಯ ಪಾಠದಲ್ಲಿ ನಾನು ಒಂದು ತಪ್ಪು ಮಾಡಿದೆ. ಅದನ್ನು ತಿದ್ದಲು ಎರಡು ಪಾಠಾವಧಿ ಬೇಕಾದವು. ಆ ತಪ್ಪು ಹೇಗೆ ಹುಟ್ಟಿತು, ತಿದ್ದುವಾಗ ತರಗತಿಯಲ್ಲಿ ಏನಾಯಿತು ಎಂಬುದನ್ನು ಇಲ್ಲಿ ಬರೆದಿದ್ದೇನೆ. ಇದೇ ಘಟಕವನ್ನು ಮುಂದಿನ ವರ್ಷ ಬೋಧಿಸುವ ಪ್ರಶಿಕ್ಷಣಾರ್ಥಿಗಳಿಗೆ ಉಪಯೋಗವಾದೀತು.

ತಪ್ಪಿನ ಮೂಲ ತರಗತಿಯ ಹೊರಗಿತ್ತು. ಇಂಟರ್ನ್‌ಶಿಪ್ ಆರಂಭವಾಗುವ ಎರಡು ವಾರ ಮೊದಲು ಅಣ್ಣನ ಜೊತೆ ಗೇರ್ ಸೈಕಲ್ ಮೇಲೆ ದಾಂಡೇಲಿಗೆ ಹೋಗಿದ್ದೆ. ಧಾರವಾಡದಿಂದ ಹಳಿಯಾಳದ ಮೇಲೆ ಹಾಯ್ದು ಸುಮಾರು 55 ಕಿ.ಮೀ. ಅವನದು ಮೌಂಟೇನ್ ಬೈಕ್. ನನ್ನದು ಅವನ ಗೆಳೆಯನಿಂದ ಎರವಲು ತಂದ ಅಂಥದೇ ಇನ್ನೊಂದು. ಎರಡು ಜೊತೆ ಬಟ್ಟೆ, ಹೊದಿಕೆ, ಮೂರು ಲೀಟರ್ ನೀರು, ಪಂಪು, ಪಂಕ್ಚರ್ ಸಾಮಾನು. ಬೆನ್ನಿಗೆ ಚೀಲ ಬೇಡ ಎಂದು ಅಣ್ಣ ಮೊದಲೇ ಹೇಳಿದ್ದ. ಬೆನ್ನಿನ ಭಾರ ಹೆಗಲನ್ನು ಜಗ್ಗುತ್ತದೆ, ತಿರುವಿನಲ್ಲಿ ತೂಕ ಮೇಲಿರುವುದರಿಂದ ಸೈಕಲ್ ತೂರಾಡುತ್ತದೆ. ಆದ್ದರಿಂದ ಭಾರವನ್ನು ಆದಷ್ಟು ಕೆಳಗೆ, ಫ್ರೇಮಿನ ತ್ರಿಕೋನದೊಳಗೆ ಕಟ್ಟಬೇಕು. ಅಂಗಡಿಯ ಚೀಲ ದುಬಾರಿಯಾದ್ದರಿಂದ ಅವ್ವ ಹಳೆಯ ತಾಡಪಾಲಿನ ತುಂಡನ್ನೇ ತ್ರಿಕೋನಾಕಾರಕ್ಕೆ ಕತ್ತರಿಸಿ ಹೊಲಿದುಕೊಟ್ಟಳು. ಉಳಿದುದನ್ನು ಕ್ಯಾರಿಯರ್ ಮೇಲಿಟ್ಟು, ಹಳೆಯ ಟ್ಯೂಬನ್ನು ಪಟ್ಟಿಯಾಗಿ ಸೀಳಿ ಬಿಗಿದೆವು.

ಹಳಿಯಾಳ ದಾಟಿದ ಮೇಲೆ ಕಾಡು ದಟ್ಟವಾಗುತ್ತದೆ, ರಸ್ತೆ ಏರಿಳಿಯುತ್ತದೆ. ಒಂದು ಏರಿನಲ್ಲಿ ಮೊಣಕಾಲು ಸೋತಾಗ ಅಣ್ಣ ಹಿಂದಿನಿಂದ “ಮುಂದಿಂದು ಸಣ್ಣದಕ್ಕ ಹಾಕು, ಹಿಂದಿಂದು ದೊಡ್ಡದಕ್ಕ ಹಾಕು” ಎಂದು ಕೂಗಿದ. ಹಾಕಿದೊಡನೆ ಪೆಡಲ್ ಹತ್ತಿಯಂತೆ ಹಗುರವಾಯಿತು. ಕಾಲು ಗಿರಗಿರ ತಿರುಗುತ್ತಿತ್ತು, ಸೈಕಲ್ ನಡೆಯುವ ಮನುಷ್ಯನ ವೇಗದಲ್ಲಿ ಮೇಲಕ್ಕೆ ಹೋಗುತ್ತಿತ್ತು. ಎಷ್ಟು ಕೆಲಸ ಉಳಿಯಿತು ಎಂದುಕೊಂಡೆ. ಅದೇ ಮಾತು ಹಾಗೆಯೇ ನನ್ನ ಪಾಠ ಟಿಪ್ಪಣಿಗೆ ಇಳಿಯಿತು.

ಮೊದಲ ಪಾಠ

ಅಣ್ಣನ ಸೈಕಲನ್ನೇ ತರಗತಿಗೆ ಒಯ್ದಿದ್ದೆ. ಬೋಧನೋಪಕರಣ ಒಳ್ಳೆಯದೇ ಆಗಿತ್ತು, ಮಕ್ಕಳೆಲ್ಲ ಸುತ್ತ ನೆರೆದರು. ಹಲ್ಲು ಎಣಿಸಿದರು: ಮುಂದೆ ಮೂರು ಗಾಲಿಗಳಲ್ಲಿ 42, 34, 24, ಹಿಂದೆ ಏಳರಲ್ಲಿ ಅತಿ ಸಣ್ಣದಕ್ಕೆ 14, ಅತಿ ದೊಡ್ಡದಕ್ಕೆ 28. ಹಿಂದಿನ ಚಕ್ರದ ಸುತ್ತಳತೆ 2.07 ಮೀಟರ್. ಮುಂದೆ 42, ಹಿಂದೆ 14 ಇದ್ದರೆ ಒಂದು ಸುತ್ತು ತುಳಿದಾಗ ಚಕ್ರ 3 ಸುತ್ತು ತಿರುಗಿ ಸೈಕಲ್ 6.2 ಮೀಟರ್ ಹೋಗುತ್ತದೆ. 24 ಮತ್ತು 28 ಇದ್ದರೆ 1.8 ಮೀಟರ್ ಕೂಡ ಇಲ್ಲ. ಅನುಪಾತದ ಲೆಕ್ಕವನ್ನು ಮಕ್ಕಳು ನನಗಿಂತ ಬೇಗ ಮಾಡಿದರು. ಆಗ ನಾನು ಕಪ್ಪು ಹಲಗೆಯ ಮೇಲೆ ಬರೆದೆ: “ಏರಿನಲ್ಲಿ ಸಣ್ಣ ಗೇರು ಹಾಕಿದರೆ ನಾವು ಮಾಡುವ ಕೆಲಸ ಕಡಿಮೆಯಾಗುತ್ತದೆ.”

ಹಿಂದಿನ ಬೆಂಚಿನಲ್ಲಿ ಕುಳಿತಿದ್ದ ನಮ್ಮ ಮಾರ್ಗದರ್ಶಕ ಉಪನ್ಯಾಸಕರು ಏನೂ ಹೇಳಲಿಲ್ಲ. ವೀಕ್ಷಣಾ ಪುಸ್ತಕದಲ್ಲಿ ಉಪಕರಣ, ಧ್ವನಿ, ಹಲಗೆ ಬರಹಕ್ಕೆ ಒಳ್ಳೆಯ ಮಾತು ಬರೆದು, ಕೆಳಗೆ ಒಂದೇ ಪ್ರಶ್ನೆ ಹಾಕಿದ್ದರು: “ಕಡಿಮೆಯಾದದ್ದು ಕೆಲಸವೇ, ಬಲವೇ?”

ಓದಿದ ಕೂಡಲೇ ಗೊತ್ತಾಯಿತು. ಕೆಲಸವೆಂದರೆ ಬಲ ಮತ್ತು ಬಲದ ದಿಕ್ಕಿನಲ್ಲಾದ ಸ್ಥಾನಪಲ್ಲಟದ ಗುಣಲಬ್ಧ ಎಂದು ಹಿಂದಿನ ದಿನವಷ್ಟೇ ನಾನೇ ಬರೆಸಿದ್ದೆ. ಅದೇ ಏರು, ಅದೇ ಭಾರ. ಗೇರು ಬದಲಾಯಿಸಿದರೆ ಬಲ ಇಳಿಯುತ್ತದೆ, ಪೆಡಲ್ ಕ್ರಮಿಸುವ ದೂರ ಅಷ್ಟೇ ಪಟ್ಟು ಏರುತ್ತದೆ, ಗುಣಲಬ್ಧ ಹಾಗೆಯೇ ಉಳಿಯುತ್ತದೆ. 38 ಮಕ್ಕಳ ನೋಟ್‌ಬುಕ್ಕಿನಲ್ಲಿ ಆಗಲೇ ತಪ್ಪು ವಾಕ್ಯ ಕುಳಿತಿತ್ತು.

ಸಹಪಾಠಿಗಳಲ್ಲಿ ಚರ್ಚೆಯಾಯಿತು. “ಮುಂದಿನ ಪಾಠದಲ್ಲಿ ಸರಿಯಾದ ವಾಕ್ಯ ಬರೆಸು, ತಪ್ಪಾಗಿತ್ತು ಅಂತ ಹೇಳಬೇಡ, ತರಗತಿ ಕೈತಪ್ಪತೈತಿ” ಎಂದರು ಇಬ್ಬರು. ಪ್ರಶಿಕ್ಷಣಾರ್ಥಿಗಳಾದ ನಮಗೆ ಈ ಅಂಜಿಕೆ ಸಹಜ. ಆದರೆ ಸದ್ದಿಲ್ಲದೆ ತಿದ್ದಿದರೆ ಎರಡೂ ವಾಕ್ಯಗಳು ನೋಟ್‌ಬುಕ್ಕಿನಲ್ಲಿ ಅಕ್ಕಪಕ್ಕ ಬದುಕುತ್ತವೆ, ಪರೀಕ್ಷೆಯಲ್ಲಿ ಯಾವುದು ಏಳುತ್ತದೋ ಹೇಳಲಾಗದು. ಅಲ್ಲದೆ ತಪ್ಪಿಗೆ ನನ್ನ ಮರೆವೊಂದೇ ಕಾರಣವಾಗಿರಲಿಲ್ಲ, ನಮ್ಮ ಮಾತಿನಲ್ಲಿಯೇ ಅದಕ್ಕೆ ದಾರಿ ಇತ್ತು. ಮರುದಿನ ಏರು ಹತ್ತುವಾಗ ಏನು ಬೇಕಾಗುತ್ತದೆ ಎಂದು ಮಕ್ಕಳನ್ನು ಕೇಳಿ, ಬಂದ ಪದಗಳನ್ನೆಲ್ಲ ಹಲಗೆಯ ಮೇಲೆ ಬರೆದೆ: ಜೋರು, ತಾಕತ್ತು, ದಮ್ಮು, ಶಕ್ತಿ, ಬಲ. ಮನೆಯ ಮಾತಿನಲ್ಲಿ ಇವೆಲ್ಲ ಒಂದೇ. ವಿಜ್ಞಾನದಲ್ಲಿ ಬಲ ಬೇರೆ, ಶಕ್ತಿ ಬೇರೆ, ಸಾಮರ್ಥ್ಯ ಬೇರೆ. ‘ಕೆಲಸ’ದ ಪಾಡು ಇನ್ನೂ ಕಷ್ಟ: ರಾತ್ರಿಯಿಡೀ ಗೇಟಿನ ಮುಂದೆ ನಿಂತ ಕಾವಲುಗಾರನದು ಮನೆಯ ಭಾಷೆಯಲ್ಲಿ ಕೆಲಸ, ಪಠ್ಯಪುಸ್ತಕದಲ್ಲಿ ಸೊನ್ನೆ. ಪಾರಿಭಾಷಿಕ ಪದ ಹೊಸದಾಗಿದ್ದರೆ ಮಗು ಎಚ್ಚರದಿಂದಿರುತ್ತದೆ. ಪರಿಚಿತ ಪದವಾಗಿದ್ದರೆ ಶಿಕ್ಷಕರೇ ಎಡವುತ್ತಾರೆ.

ನಿನ್ನೆ ಬರೆಸಿದ ವಾಕ್ಯ ತಪ್ಪು, ಅಳೆದು ನೋಡೋಣ ಎಂದೆ. ತರಗತಿ ಕೈತಪ್ಪಲಿಲ್ಲ. “ಟೀಚರ್ರೀ, ಕಾಟು ಹೊಡೀಲೇನ್ರೀ?” ಎಂದು ಒಬ್ಬ ಕೇಳಿದ. ಅಳೆದ ಮೇಲೆ ಹೊಡಿ ಎಂದೆ.

ಅಳತೆ

ಶಾಲೆಯ ರಂಗಮಂಟಪದ ಕಟ್ಟೆಯ ಅಂಚಿನಲ್ಲಿ ಸೈಕಲನ್ನು ತಲೆಕೆಳಗಾಗಿ, ಸೀಟು ಮತ್ತು ಹ್ಯಾಂಡಲ್ ಮೇಲೆ ನಿಲ್ಲಿಸಿದೆವು. ಹಿಂದಿನ ಟಯರು, ಟ್ಯೂಬು ಬಿಚ್ಚಿ, ರಿಮ್ಮಿನ ಹಳ್ಳದಲ್ಲಿ ನೂಲಿನ ಹಗ್ಗ ಸುತ್ತಿ, ತುದಿಗೆ 2 ಕಿಲೋ ಮರಳಿನ ಚೀಲವನ್ನು ಕಟ್ಟೆಯಾಚೆ ತೂಗುಬಿಟ್ಟೆವು. ಹಗ್ಗವನ್ನು ಸುತ್ತುವ ದಿಕ್ಕು ಮುಖ್ಯ: ಪೆಡಲನ್ನು ಮುಂದಕ್ಕೆ ತಿರುಗಿಸಿದಾಗ ಚೀಲ ಮೇಲೇರಬೇಕು. ಇಲ್ಲದಿದ್ದರೆ ಫ್ರೀ ವೀಲ್ ಟಿಕಟಿಕ ಎಂದು ತಿರುಗುತ್ತದೆ, ಚೀಲ ನೆಲಕ್ಕೆ ಬೀಳುತ್ತದೆ. ನಮ್ಮದು ಒಂದು ಸಲ ಬಿತ್ತು. ಪೆಡಲಿಗೆ ಸ್ಪ್ರಿಂಗ್ ತಕ್ಕಡಿ ಸಿಕ್ಕಿಸಿ ನಿಧಾನವಾಗಿ ಎಳೆಯುತ್ತ, ಎಳೆತವು ಪೆಡಲಿನ ತೋಳಿಗೆ ನೇರ ಲಂಬವಾಗಿರುವಾಗ ಅಳತೆ ಓದಿದೆವು. ಚೀಲ 1 ಮೀಟರ್ ಏರಲು ಪೆಡಲ್ ಎಷ್ಟು ದೂರ ಸುತ್ತಬೇಕು ಎಂಬುದನ್ನು ಕಮಾನಿನ ಉದ್ದಕ್ಕೂ ದಾರ ಹಿಡಿದು ಅಳೆದೆವು.

42 ಮತ್ತು 14ರಲ್ಲಿ ಎಳೆತ 10.4 ಕಿಲೋ, ಪೆಡಲ್ ಸರಿದ ದೂರ 20 ಸೆಂ.ಮೀ. 24 ಮತ್ತು 28ರಲ್ಲಿ ಎಳೆತ 3.1 ಕಿಲೋ, ದೂರ 71 ಸೆಂ.ಮೀ. ಗುಣಿಸಿದರೆ ಒಂದು 208, ಇನ್ನೊಂದು 220. ಚೀಲದ ಕಡೆಯಿಂದ ನೋಡಿದರೆ 2 ಕಿಲೋ, 100 ಸೆಂ.ಮೀ., ಅಂದರೆ 200. ಮೇಲಿನ ಎಂಟು ಮತ್ತು ಇಪ್ಪತ್ತು ಎಲ್ಲಿಗೆ ಹೋದವು ಎಂದು ಕೇಳಿದಾಗ ಎಣ್ಣೆ ಕಾಣದ ಚೈನಿನ ಕಡೆಗೆ ಬೆರಳು ತೋರಿಸಿದರು. (ಕಿಲೋಗ್ರಾಂ ಬಲದ ಮಾನವಲ್ಲ ಎಂದು ವೀಕ್ಷಕರು ಆಕ್ಷೇಪಿಸಬಹುದು. ಹೋಲಿಕೆಗೆ ಇದು ಸಾಕೆಂದು ಅಂದು ನ್ಯೂಟನ್ನಿಗೆ ಪರಿವರ್ತಿಸಲಿಲ್ಲ, ಮರುದಿನ ಮಾಡಿಸಿದೆ.) ಬಲ ಮೂರನೆಯ ಒಂದು ಭಾಗಕ್ಕಿಂತಲೂ ಇಳಿದಿದೆ, ಕೆಲಸ ಇಳಿದಿಲ್ಲ, ಘರ್ಷಣೆಯಿಂದ ಕೊಂಚ ಏರಿಯೂ ಇದೆ. ಆಗ ಎಲ್ಲರೂ ಕಾಟು ಹೊಡೆದರು.

ಮೂರನೆಯ ಸಾಲಿನ ಒಬ್ಬ ಹುಡುಗಿ ಮಾತ್ರ ಹೊಡೆಯಲಿಲ್ಲ. “ಕೆಲಸ ಸಮ ಆದ್ರ ದಣಿವು ಯಾಕ ಸಮ ಇಲ್ಲರೀ?” ಎಂದಳು. ಪಾಠ ಯೋಜನೆಯಲ್ಲಿ ಇದಕ್ಕೆ ಉತ್ತರವಿರಲಿಲ್ಲ. ತುಸು ತಡೆದು ಹೀಗೆ ಹೇಳಿದೆ: ಸ್ನಾಯುವಿಗೆ ಒಮ್ಮೆಗೆ ಎಷ್ಟು ಬಲ ಹಾಕಬಹುದೆಂಬ ಮಿತಿ ಇದೆ, ಮಿತಿಯ ಹತ್ತಿರ ಹೋದಷ್ಟೂ ಬೇಗ ಸೋಲುತ್ತದೆ. ತುಂಬಿದ ಕೊಡವನ್ನು ಅಲುಗದೆ ಹಿಡಿದು ನಿಂತರೆ ಕೊಡದ ಮೇಲೆ ಆದ ಕೆಲಸ ಸೊನ್ನೆ, ಆದರೂ ತೋಳು ಸೋಲುತ್ತದೆ; ಒಳಗೆ ದೇಹ ಶಕ್ತಿ ವ್ಯಯಿಸುತ್ತಲೇ ಇರುತ್ತದೆ. ಗೇರು ಏರಿನ ಕೆಲಸವನ್ನು ಉಳಿಸುವುದಿಲ್ಲ, ಅದನ್ನು ಸಣ್ಣ ಸಣ್ಣ ತುತ್ತು ಮಾಡಿ ಕೊಡುತ್ತದೆ. ಅವಳು ತಲೆಯಾಡಿಸಿ ಕಾಟು ಹೊಡೆದಳು.

ಈ ಹುಡುಗಿಯನ್ನೇ ಮೊದಲ ವಾರದಲ್ಲಿ ಎರಡು ಸಲ ತಡವಾಗಿ ಬಂದದ್ದಕ್ಕೆ ಹೊರಗೆ ನಿಲ್ಲಿಸಿದ್ದೆ. ಹೊರಗೆ ನಿಲ್ಲಿಸಿದಾಗ ಕಾರಣ ಕೇಳಿರಲಿಲ್ಲ. ವಿಸ್ತರಣೆಯ ಹಂತಕ್ಕೆ “ನಿಮ್ಮ ಮನೆಯಿಂದ ಶಾಲೆಗೆ ಬರುವ ದಾರಿಯ ಲೆಕ್ಕ” ಎಂದು ಕೊಟ್ಟಾಗ ಕಾರಣ ತಾನಾಗಿ ಬಂತು. ಮನೆ 4 ಕಿ.ಮೀ. ದೂರ, ಕೊನೆಗೆ 250 ಮೀಟರಿನ ಏರು, ಕ್ಯಾರಿಯರ್ ಮೇಲೆ ಪಕ್ಕದ ಪ್ರಾಥಮಿಕ ಶಾಲೆಯ ತಮ್ಮ. ಸೈಕಲ್ ಅವಳ ಅಕ್ಕನದು, 8ನೆಯ ತರಗತಿಯಲ್ಲಿ ಸರಕಾರ ಕೊಟ್ಟದ್ದು. 2006-07ರಲ್ಲಿ ಶುರುವಾದ ಆ ಯೋಜನೆ ಕೋವಿಡ್ ಕಾಲಕ್ಕೆ ನಿಂತಿದ್ದರಿಂದ ಇವಳ ಸರದಿಗೆ ಸೈಕಲ್ ಬರಲಿಲ್ಲ. ಅದಕ್ಕೆ ಗೇರಿಲ್ಲ: ಮುಂದೆ 44 ಹಲ್ಲು, ಹಿಂದೆ 18, ಚಕ್ರದ ಸುತ್ತಳತೆ 2.1 ಮೀಟರ್. ಒಂದು ತುಳಿತದ ಸುತ್ತಿಗೆ 5.13 ಮೀಟರ್.

ಅವಳಿಗಾಗಿ ಏನು ಮಾಡಬಹುದು ಎಂಬುದೇ ಮುಂದಿನ ಪಾಠವಾಯಿತು. ಹಿಂದಿನ ಫ್ರೀ ವೀಲನ್ನು 18ರ ಬದಲು 22 ಹಲ್ಲಿನದಕ್ಕೆ ಬದಲಾಯಿಸಬಹುದು, ಚೈನಿಗೆ ಒಂದು ಜೊತೆ ಕೊಂಡಿ ಸೇರಿಸಬೇಕಾದೀತು ಎಂದು ಸೈಕಲ್ ಅಂಗಡಿಯವರ ಮಗ ಹೇಳಿದ. ಬಲ ಸುಮಾರು ಶೇ. 18ರಷ್ಟು ಇಳಿಯುತ್ತದೆ. ತರಗತಿಗೆ ಬಹಳ ಸಂತೋಷವಾಯಿತು, ನನಗೂ. ಹುಡುಗಿ ನೋಟ್‌ಬುಕ್ಕಿನಲ್ಲಿ ಗೀಚುತ್ತಲೇ ಇದ್ದಳು. ಸಪಾಟು ದಾರಿ 3750 ಮೀಟರ್. ಈಗ 731 ಸುತ್ತು ತುಳಿಯುತ್ತೇನೆ. 22 ಹಾಕಿದರೆ ಸುತ್ತಿಗೆ 4.2 ಮೀಟರ್, ಅಂದರೆ 893. “ಒಂದು ಏರಿನ ಸಲುವಾಗಿ ದಿನಾ 162 ಸುತ್ತು ಹೆಚ್ಚಿಗಿ ಯಾಕ ತುಳೀಲ್ರೀ?” ಎಂದಳು. ಪ್ರಶ್ನೆ ನ್ಯಾಯವಾದದ್ದೇ. ಗೇರ್ ಸೈಕಲಿನ ಉಪಯೋಗ ಸಣ್ಣ ಗೇರಿನಲ್ಲಿಲ್ಲ, ಬದಲಾಯಿಸಬಹುದು ಎಂಬುದರಲ್ಲಿದೆ.

ಇಲ್ಲಿ ಒಂದು ಹಳೆಯ ಸಂಗತಿ ಹೇಳಿದೆ. ಟೂರ್ ಡಿ ಫ್ರಾನ್ಸ್ ಸ್ಪರ್ಧೆಯಲ್ಲಿ ಓಡುವಾಗಲೇ ಚೈನನ್ನು ಒಂದು ಗಾಲಿಯಿಂದ ಇನ್ನೊಂದಕ್ಕೆ ಸರಿಸುವ ಸಾಧನಕ್ಕೆ 1937ರವರೆಗೆ ಅನುಮತಿ ಇರಲಿಲ್ಲ. ಸವಾರರು ಹಿಂದಿನ ಚಕ್ರದ ಎರಡೂ ಬದಿಗೆ ಬೇರೆ ಬೇರೆ ಹಲ್ಲಿನ ಗಾಲಿ ಕೂಡಿಸಿಕೊಂಡು, ಗುಡ್ಡದ ಬುಡದಲ್ಲಿ ಇಳಿದು, ಚಕ್ರ ಬಿಚ್ಚಿ ತಿರುಗಿಸಿ ಹಾಕಿ ಹತ್ತುತ್ತಿದ್ದರು. 2022ರಲ್ಲಿ ನಮ್ಮ ಗದಗದಲ್ಲಿ ರಾಷ್ಟ್ರೀಯ ಮೌಂಟೇನ್ ಬೈಕ್ ಸ್ಪರ್ಧೆ ನಡೆದದ್ದನ್ನೂ ಹೇಳಿದೆ. ಮಕ್ಕಳಿಗೆ ಗದಗಕ್ಕಿಂತ ಚಕ್ರ ತಿರುಗಿಸಿ ಹಾಕುವ ಕತೆಯೇ ಹಿಡಿಸಿತು.

ಏರಿನ ಎತ್ತರ ಅಳೆಯಲು ಗೌಂಡಿಗಳ ಮಟ್ಟದ ಪೈಪು ತಂದೆವು. 10 ಮೀಟರ್ ರಸ್ತೆಗೆ ಅರ್ಧ ಮೀಟರ್ ಏರಿತ್ತು. ಏರು ಉದ್ದಕ್ಕೂ ಹಾಗೆಯೇ ಇದೆ ಎಂದು ಹಿಡಿದರೆ 250 ಮೀಟರಿಗೆ 12.5. ಹುಡುಗಿ, ಸೈಕಲ್, ಚೀಲ, ತಮ್ಮ ಸೇರಿ 80 ಕಿಲೋ. ಗುರುತ್ವ ವೇಗೋತ್ಕರ್ಷವನ್ನು 10 ಎಂದು ಹಿಡಿದು ಗುಣಿಸಿದರೆ 10,000 ಜೂಲ್. ಗೇರು ಯಾವುದೇ ಇರಲಿ, ಎತ್ತರಕ್ಕೇರಿಸುವ ಕೆಲಸ ಇಷ್ಟು.

ನವಲಗುಂದ, ಅಣ್ಣಿಗೇರಿ ಕಡೆಯ ಶಾಲೆಗಳಿಗೆ ಹೋಗುವ ಪ್ರಶಿಕ್ಷಣಾರ್ಥಿಗಳಿಗೆ ಈ ಏರು ಸಿಗದು. ಅಲ್ಲಿಯ ಎರೆಹೊಲದ ದಾರಿ ಸಪಾಟು. ಆದರೆ ಮಳೆಯಾದಾಗ ಎರೆಮಣ್ಣು ಟಯರಿಗೆ ಮೆತ್ತಿ, ಮಡ್‌ಗಾರ್ಡಿನೊಳಗೆ ತುಂಬಿ ಚಕ್ರವೇ ತಿರುಗುವುದಿಲ್ಲ. ಆಗ ಯಾವ ಗೇರೂ ನೆರವಿಗೆ ಬಾರದು. ಅಲ್ಲಿ ಇದೇ ಪಾಠವನ್ನು ಘರ್ಷಣೆಯ ಕಡೆಯಿಂದ ಆರಂಭಿಸುವುದು ಲೇಸು.

ಮೌಲ್ಯಮಾಪನಕ್ಕೆ “ಏರಿನಲ್ಲಿ ನಿಮ್ಮ ಕೆಲಸ ಕಡಿಮೆ ಮಾಡಿಕೊಳ್ಳಲು ಒಂದು ಉಪಾಯ ಸೂಚಿಸಿ, ಕಾರಣ ಕೊಡಿ” ಎಂಬ ಪ್ರಶ್ನೆ ಇಟ್ಟಿದ್ದೆ. ಹನ್ನೊಂದು ಮಕ್ಕಳು ಇನ್ನೂ “ಗೇರ್ ಸೈಕಲ್ ಕೊಳ್ಳುವುದು” ಎಂದೇ ಬರೆದರು. ಮೊದಲ ದಿನದ ನನ್ನ ವಾಕ್ಯ ಅಷ್ಟು ಗಟ್ಟಿಯಾಗಿ ಕುಳಿತಿತ್ತು. ಅವರಿಗೆ ಮತ್ತೊಮ್ಮೆ ತಕ್ಕಡಿ ಹಿಡಿಸಬೇಕಾಯಿತು. ಮೂರನೆಯ ಸಾಲಿನ ಹುಡುಗಿಯ ಉತ್ತರ ಹೀಗಿತ್ತು: “ಗೇರ್ ಹಾಕಿದರೆ ಬಲ ಕಡಿಮೆಯಾಗುತ್ತದೆ, ಕೆಲಸ ಕಡಿಮೆಯಾಗುವುದಿಲ್ಲ. ತಮ್ಮನನ್ನು ಇಳಿಸಿದರೆ 80 ಹೋಗಿ 60 ಕಿಲೋ ಆಗುತ್ತದೆ. ಕೆಲಸ 7,500 ಜೂಲ್.”

ಉಳಿದ 2,500 ಎಲ್ಲಿ ಹೋಯಿತು ಎಂದು ಉತ್ತರ ಪತ್ರಿಕೆ ಕೊಡುವಾಗ ಕೇಳಿದೆ. “ಅದನ್ನ ಅವ ನಡಕೊಂಡು ಬಂದು ಮಾಡ್ತಾನ್ರೀ” ಎಂದಳು. ಮುಖ್ಯ ಗುರುಗಳಿಗೆ ಹೇಳಿ ಅವಳಿಗೆ ಬೆಳಿಗ್ಗೆ ಹತ್ತು ನಿಮಿಷ ಕೊಡಿಸಿದ್ದೇವೆ.