ಇಳಿಯುವ ಮೊದಲು ಏರುವ ದಾರಿ ನೋಡು

ನೋಡಮ್ಮ, ಮೊನಾಸ್ಟರಿ ಬೀಚಿನಲ್ಲಿ ಡೈವ್ ಮಾಡುತ್ತೇನೆ ಅಂದೆಯಲ್ಲ, ಮಾಡು. ನಿನ್ನ ಅನುಭವದ ಬಗ್ಗೆ ನನಗೆ ಅನುಮಾನವಿಲ್ಲ. ಆದರೆ ನೇತ್ರಾಣಿ ದ್ವೀಪದಲ್ಲಿ ದೋಣಿಯಿಂದ ಇಳಿದು ದೋಣಿಗೇ ಹತ್ತಿದವಳು ನೀನು. ಇಲ್ಲಿ ದಡದಿಂದಲೇ ಹೋಗಬೇಕು, ದಡಕ್ಕೇ ಬರಬೇಕು. ಕಷ್ಟವೆಲ್ಲ ಆ ಕೊನೆಯ ಹತ್ತು ಹೆಜ್ಜೆಯಲ್ಲಿದೆ.

ಕ್ಯಾಲಿಫೋರ್ನಿಯಾದ ಕಾರ್ಮೆಲ್ ಊರಿನ ದಕ್ಷಿಣಕ್ಕೆ, ಹೆದ್ದಾರಿ 1ರ ಪಕ್ಕದಲ್ಲೇ ಇರುವ ಈ ದಂಡೆ ನೋಡಲು ಸೌಮ್ಯ. ಅಲ್ಲಿನ ಡೈವರ್‌ಗಳು ಮಾತ್ರ ಅದನ್ನು ‘ಶವಾಗಾರದ ಬೀಚ್’ ಅನ್ನುತ್ತಾರೆ. ಕಡಲೊಳಗಿನ ಕಾರ್ಮೆಲ್ ಕಣಿವೆಯ ಕವಲೊಂದು ದಡದ ಹತ್ತಿರಕ್ಕೇ ಬಂದಿದೆ. ಹೀಗಾಗಿ ಪೆಸಿಫಿಕ್‌ನ ಅಲೆಗೆ ದಾರಿಯಲ್ಲಿ ಬಲಗುಂದಲು ಅವಕಾಶವೇ ಇಲ್ಲ, ನೇರ ದಂಡೆಗೇ ಬಂದು ಅಪ್ಪಳಿಸುತ್ತದೆ. ಇಳಿಜಾರು ಕಡಿದು. ಮರಳು ಅಕ್ಕಿನುಚ್ಚಿನಂತೆ ದಪ್ಪ, ಕಾಲಿಟ್ಟಲ್ಲಿ ಕುಸಿಯುತ್ತದೆ. ಬಿದ್ದವರನ್ನು ಹಿಂದೆ ಸರಿಯುವ ನೀರು ಎಳೆದೊಯ್ದು ಮುಂದಿನ ಅಲೆಯ ಅಡಿಗೆ ಹಾಕುತ್ತದೆ. ಬೆನ್ನಿಗೆ ಟ್ಯಾಂಕು, ಸೊಂಟಕ್ಕೆ ಮುಳುಗಲು ಬೇಕಾದ ಸೀಸ ಕಟ್ಟಿಕೊಂಡವರು ಏಳುವುದು ಹೇಗೆ ಹೇಳು?

ಅದಕ್ಕೇ, ಸೂಟು ತೊಡುವ ಮೊದಲು ಅರ್ಧ ಗಂಟೆ ಸುಮ್ಮನೆ ನಿಂತು ನೋಡು. ದೊಡ್ಡ ಅಲೆಗಳು ಗುಂಪಾಗಿ ಬರುತ್ತವೆ, ನಡುವಿನ ಶಾಂತಿಯನ್ನು ನಂಬಬೇಡ. ಮುನ್ಸೂಚನೆಯಲ್ಲಿ ಎತ್ತರವೊಂದನ್ನೇ ನೋಡಬೇಡ, ಅಲೆಯಿಂದ ಅಲೆಗೆ 15 ಸೆಕೆಂಡ್ ಅಂತರವಿದ್ದರೆ ಸಣ್ಣ ಅಲೆಗೂ ಭಾರೀ ಬಲ. ದಂಡೆಯ ನಡುಭಾಗದಲ್ಲಿ ಎಂದೂ ಇಳಿಯಬೇಡ. ಎರಡೂ ತುದಿಗಳಲ್ಲಿ ಕೆಲ್ಪ್ ಎಂಬ ಕಡಲಕಳೆಯ ಕಾಡಿದೆ, ಅದು ಅಲೆಯನ್ನು ಒಂದಿಷ್ಟು ತಗ್ಗಿಸುತ್ತದೆ. ನೋಡಬೇಕಾದ ಚೆಲುವೂ ಅಲ್ಲೇ ಇದೆ: ಬಂಡೆಗೆ ಅಂಟಿಕೊಂಡು ಮೇಲಿನವರೆಗೆ ಬೆಳೆದ ಕಂದು ಎಲೆಗಳ ನಡುವೆ ಸೋಸಿ ಇಳಿಯುವ ಬಿಸಿಲು. ಅದನ್ನು ನೋಡುತ್ತಾ ಗಾಳಿಯ ಲೆಕ್ಕ ಮರೆಯಬೇಡ. ಗಾಳಿ ಮುಗಿದು ಮೇಲೆ ಬಂದರೆ ಆ ಎಲೆಗಳ ಮೇಲೇ ತೆವಳಬೇಕಾಗುತ್ತದೆ, ದಡ ಮುಟ್ಟುವಷ್ಟರಲ್ಲಿ ಕಸುವು ಹೋಗಿರುತ್ತದೆ.

ಹೊರಬರುವಾಗ ಎದ್ದು ನಿಲ್ಲುವ ಹಟ ಬೇಡ. ಅಲೆ ನಿನ್ನನ್ನು ಮರಳಿಗೆ ಹಾಕಿದ ಕೂಡಲೇ ಅಂಬೆಗಾಲಿಟ್ಟು, ಒಣಮರಳು ಸಿಗುವವರೆಗೂ ಏರುತ್ತಲೇ ಇರು. ಅಲ್ಲಿ ಎಲ್ಲರೂ ಹೀಗೇ ಬರುತ್ತಾರೆ, ನಾಚಿಕೆ ಯಾಕೆ? ಒಣಮರಳು ಮುಟ್ಟುವವರೆಗೆ ಮಾಸ್ಕ್ ತೆಗೆಯಬೇಡ, ರೆಗ್ಯುಲೇಟರ್ ಬಾಯಲ್ಲೇ ಇರಲಿ. ಅಲೆಗೆ ಸಿಕ್ಕು ಒದ್ದಾಡುವ ಹಾಗಾದರೆ ಸೀಸ ಕಳಚಿ ಎಸೆದುಬಿಡು, ದುಡ್ಡಿನ ಮುಖ ನೋಡಬೇಡ.

ಜೊತೆಗಾರರೊಂದಿಗೆ ಮೊದಲೇ ಮಾತಾಡಿಕೊಂಡಿರು: ಇಬ್ಬರಲ್ಲಿ ಯಾರು ಬೇಡ ಅಂದರೂ ಆ ದಿನ ಅಲ್ಲಿ ಇಳಿಯುವಂತಿಲ್ಲ, ಕಾರಣ ಕೇಳುವಂತಿಲ್ಲ. ಹಾಗಾದರೆ ಕಾರು ತಿರುಗಿಸಿ ಮಾಂಟೆರೆಯ ಸ್ಯಾನ್ ಕಾರ್ಲೋಸ್ ಬೀಚಿಗೆ ಹೋಗಿ. ಅಲ್ಲಿ ಅಲೆ ತಡೆಯುವ ಅಡ್ಡಗೋಡೆಯ ಮರೆಯಿದೆ, ಸಾಮಾನ್ಯವಾಗಿ ಅಲೆ ಸಣ್ಣದು, ಕೆಲ್ಪ್ ಅಲ್ಲೂ ಇದೆ.