ಅಪ್ಪನಿಗೆ ಕೇಳದ ಮಾತು

ಮನೆಗೆ ಸುಣ್ಣಬಣ್ಣ ಮಾಡಿಸಿ ನಾಲ್ಕೇ ದಿನ ಆಗಿತ್ತು. ಭಾನುವಾರ ಮಧ್ಯಾಹ್ನ ಅಪ್ಪ ‘ಕಸ್ತೂರಿ ನಿವಾಸ’ ಹಾಕು ಅಂದರು. ಹತ್ತು ನಿಮಿಷ ನೋಡಿ, “ಏನೋ ಇದು, ರಾಜ್‌ಕುಮಾರ್ ಬಾವಿಯೊಳಗೆ ನಿಂತು ಮಾತಾಡಿದ ಹಾಗಿದೆ” ಅಂದರು. ವಾಲ್ಯೂಮ್ ಏರಿಸಿದೆ. ಸದ್ದು ಜಾಸ್ತಿಯಾಯಿತೇ ಹೊರತು ಮಾತು ಬಿಡಿಸಿ ಕೇಳಲಿಲ್ಲ. ಅಪ್ಪ ಎದ್ದು ಒಳಗೆ ಹೋದರು. ತನಗೇ ಕಿವಿ ಮಂದವಾಯಿತು ಅಂದುಕೊಂಡು ಬೇಜಾರಾಗಿದ್ದಾರೆ ಅಂತ ರಾತ್ರಿ ಅಮ್ಮ ಹೇಳಿದಳು. ನನಗೆ ನಿದ್ದೆ ಬರಲಿಲ್ಲ.

ನಮ್ಮ ಹೋಂ ಥಿಯೇಟರಿನ ಹಿಂದಿನ ಬಲಗಡೆಯ ಸರೌಂಡ್ ಸ್ಪೀಕರ್ ಬೇರೆ ಸುಮ್ಮನಾಗಿತ್ತು. ನೋಡಲು ಬಂದ ರಿಪೇರಿಯವರು ರಿಸೀವರಿನ ಬೋರ್ಡೇ ಹೋಗಿದೆ, ಬದಲಾಯಿಸಬೇಕು ಅಂದರು. ಒಪ್ಪುವ ಮುಂಚೆ ಒಂದು ಪರೀಕ್ಷೆ ಮಾಡಿದೆ. ರಿಸೀವರ್ ಆಫ್ ಮಾಡಿ, ಹಿಂದಿನ ಎಡ–ಬಲ ಸ್ಪೀಕರುಗಳ ವೈರನ್ನು ರಿಸೀವರ್ ಕಡೆಯಲ್ಲಿ ಅದಲುಬದಲು ಮಾಡಿ ಟೆಸ್ಟ್ ಟೋನ್ ಹಾಕಿದೆ. ಬೋರ್ಡು ಕೆಟ್ಟಿದ್ದರೆ ಈಗ ಎಡಗಡೆಯದು ಸುಮ್ಮನಾಗಬೇಕಿತ್ತು. ಆಗಲಿಲ್ಲ, ಬಲಗಡೆಯದೇ ಸುಮ್ಮನಿತ್ತು. ಸ್ಪೀಕರಿಗೆ ಮಲ್ಟಿಮೀಟರ್ ಹಿಡಿದರೆ 6.4 ಓಮ್ ತೋರಿಸಿತು. 8 ಓಮ್ ಸ್ಪೀಕರಿಗೆ ಇದು ಸರಿಯಾದ ಅಳತೆಯೇ, ಮೀಟರಿನಲ್ಲಿ ಯಾವಾಗಲೂ ಸ್ವಲ್ಪ ಕಡಿಮೆಯೇ ಬರುತ್ತದೆ. ಉಳಿದದ್ದು ವೈರು. ಬಣ್ಣಕ್ಕೆಂದು ಬೀರು ಎಳೆದಾಗ ಮಡಚಿದ್ದ ಜಾಗದಲ್ಲಿ ಒಳಗೇ ತುಂಡಾಗಿತ್ತು. ಎಳೆಯನ್ನು ಚಾಕುವಿನಿಂದ ಕೆರೆದೆ. ತಾಮ್ರದ ಬಣ್ಣ ಹೋಗಿ ಒಳಗೆ ಬೆಳ್ಳಗಿತ್ತು! ತಾಮ್ರ ಲೇಪಿಸಿದ ಅಲ್ಯೂಮಿನಿಯಂ. ಇದು ಮಡಚಿದರೆ ಬೇಗ ಮುರಿಯುತ್ತದೆ, ತಾಮ್ರಕ್ಕಿಂತ ರೆಸಿಸ್ಟೆನ್ಸೂ ಹೆಚ್ಚು.

ರಾಜಾಜಿನಗರದಿಂದ ಮೆಟ್ರೋ ಹತ್ತಿ ಚಿಕ್ಕಪೇಟೆಯಲ್ಲಿಳಿದು ಎಸ್.ಪಿ. ರೋಡಿಗೆ ಹೋದೆ. ತುದಿ ಕೆರೆದು ತೋರಿಸಿದ ಅಂಗಡಿಯಲ್ಲಿ 1.5 ಸ್ಕ್ವೇರ್ ಎಂಎಂ ತಾಮ್ರದ ಜೋಡಿ ವೈರು, 12 ಮೀಟರ್ ತಂದೆ. ಹೋಗಿ ಬರುವ ದಾರಿ ಸೇರಿ ಇದರ ರೆಸಿಸ್ಟೆನ್ಸ್ 0.28 ಓಮ್. ಅಷ್ಟೇ ಉದ್ದದ 0.5ರ ವೈರಾದರೆ 0.8 ಓಮ್ ದಾಟುತ್ತದೆ, ಸ್ಪೀಕರಿನ ಹತ್ತನೇ ಒಂದು ಪಾಲು ವೈರೇ ಆದಂತೆ.

ಸರೌಂಡ್ ಮಾತಾಡಿತು. ಬಾವಿಯ ದನಿ ಮಾತ್ರ ಹೋಗಲಿಲ್ಲ.

1971ರ ಆ ಚಿತ್ರದ ಧ್ವನಿ ಮೋನೊ. ನಾವು ಅದನ್ನು ಸ್ಟೀರಿಯೊ ಮೋಡಿನಲ್ಲೇ ಕೇಳುತ್ತೇವೆ. ಮುಂದಿನ ಎರಡೂ ಸ್ಪೀಕರಿನಿಂದ ಒಂದೇ ದನಿ ಬಂದು, ಪರದೆಯ ನಡುವೆ ನಿಂತ ಹಾಗೆ ಕೇಳಬೇಕು. ಒಂದರ ಪ್ಲಸ್ ಮೈನಸ್ ತಿರುಗಿದ್ದರೆ ಒಂದು ಕೋನ್ ಮುಂದೆ ತಳ್ಳುವಾಗ ಇನ್ನೊಂದು ಹಿಂದೆ ಎಳೆಯುತ್ತದೆ. ದನಿಯ ತೂಕವೇ ಕರಗುತ್ತದೆ. ಬಣ್ಣದವರು ಬಿಚ್ಚಿಟ್ಟಿದ್ದನ್ನು ಮತ್ತೆ ಜೋಡಿಸಿದವನು ನಾನೇ.

ಅಪ್ಪನನ್ನು ಕರೆದು ಟಾರ್ಚ್ ಕೊಟ್ಟೆ. ಸ್ಪೀಕರಿನ ಮುಂದಿನ ಬಟ್ಟೆ ತೆಗೆದು, ವೈರನ್ನು ರಿಸೀವರಿನಿಂದ ಬಿಚ್ಚಿ, ಕೆಂಪು ಟರ್ಮಿನಲ್‌ಗೆ ಹೋಗಿದ್ದ ಎಳೆಯನ್ನು 1.5 ವೋಲ್ಟ್ ಸೆಲ್ಲಿನ ಪ್ಲಸ್‌ಗೆ, ಇನ್ನೊಂದನ್ನು ಮೈನಸ್‌ಗೆ ಒಂದು ಕ್ಷಣ ಮುಟ್ಟಿಸಿದೆ. ಬಲಗಡೆಯದು ಟಪ್ ಅಂತ ಹೊರಗೆ ಉಬ್ಬಿತು. ಎಡಗಡೆಯದು? “ಒಳಗೆ ಹೋಯಿತಲ್ಲೋ!” ಅಂದರು ಅಪ್ಪ. ಎಳೆಗಳನ್ನು ತಿರುಗಿಸಿದೆ. ಪ್ಲಸ್ ಎಳೆಗಳಿಗೆಲ್ಲ ಅವರೇ ಕೆಂಪು ಟೇಪ್ ಸುತ್ತಿದರು.

ಕೈ ಹಾಕಿದ್ದಾಗಿತ್ತು, ಸರೌಂಡುಗಳನ್ನೂ ಸೋಫಾದ ಹಿಂದಿನ ಗೋಡೆಯಿಂದ ಕಿತ್ತೆ. ನಮ್ಮ ಹಾಲ್ 10×15 ಅಡಿ, ಸೋಫಾ ಗೋಡೆಗೆ ಅಂಟಿಕೊಂಡೇ ಇರುತ್ತದೆ. ಹಾಗಾಗಿ ಅವನ್ನು ಎರಡು ಪಕ್ಕದ ಗೋಡೆಗೆ, ಕೂತವರ ಕಿವಿಗಿಂತ ಒಂದಡಿ ಮೇಲೆ ಹಾಕಿದೆ. ಟೇಪು ಹಿಡಿದು ಪ್ರತಿ ಸ್ಪೀಕರಿನ ದೂರವನ್ನು ಮೆನುವಿನಲ್ಲಿ ತುಂಬಿಸಿದೆ. ಒಂದು ಮೀಟರ್ ವ್ಯತ್ಯಾಸಕ್ಕೆ ಶಬ್ದ ಸುಮಾರು 3 ಮಿಲಿಸೆಕೆಂಡ್ ಆಚೀಚೆ ಆಗುತ್ತದೆ.

ಸಂಜೆ ಮತ್ತೆ ಅದೇ ಚಿತ್ರ. ಅಪ್ಪ ಐದು ನಿಮಿಷ ಮಾತಾಡದೆ ಕೂತಿದ್ದರು. ಆಮೇಲೆ ರಿಮೋಟ್ ತೆಗೆದುಕೊಂಡು, ನಾನು 45ಕ್ಕೆ ಇಟ್ಟಿದ್ದ ವಾಲ್ಯೂಮನ್ನು 30ಕ್ಕೆ ಇಳಿಸಿದರು.